ಡ್ರಾಯಿಂಗ್ ಪಿರಿಯಡ್ ಯಾರ ಪಾಲಿಗೆ?

ನನ್ನ ತಂಗಿಯ ಮಗಳು ಏಳನೇ ಕ್ಲಾಸು. ಗದಗ-ಮುಂಡರಗಿ ರಸ್ತೆಯ ಒಂದು ಹಳ್ಳಿಯಲ್ಲಿ ಓದುತ್ತಾಳೆ. ದೀಪಾವಳಿ ಸೂಟಿಯಲ್ಲಿ ಅಲ್ಲಿಗೆ ಹೋದಾಗ ಅವಳ ಡ್ರಾಯಿಂಗ್ ವಹಿ ಕೈಗೆ ಸಿಕ್ಕಿತು. ಮೊದಲ ಪುಟದಲ್ಲೇ ಎರಡು ಮುಕ್ಕೋನ ಗುಡ್ಡ, ನಡುವೆ ಅರ್ಧ ಸೂರ್ಯ, ಕೆಳಗೆ ಡೊಂಕು ಹೊಳೆ, ದಂಡೆಗೆ ಒಂದು ತೆಂಗಿನ ಮರ, ಕೆಂಪು ಹಂಚಿನ ಮನೆ. ನಾನೂ ನಲವತ್ತು ವರ್ಷದ ಹಿಂದೆ ಇದೇ ಚಿತ್ರ ಬಿಡಿಸಿದ್ದೆ. ನೀವೂ ಬಿಡಿಸಿರುತ್ತೀರಿ, ಅಲ್ವಾ?

ಅವರ ಮನೆಯ ಮಾಳಿಗೆ ಹತ್ತಿದರೆ ಕಪ್ಪತಗುಡ್ಡ ಕಾಣುತ್ತದೆ. ಅದೇನು ಮುಕ್ಕೋನವಲ್ಲ. ಮಲಗಿದ ಎಮ್ಮೆಯ ಬೆನ್ನಿನ ಹಾಗೆ ಉದ್ದಕ್ಕೆ ಚಾಚಿಕೊಂಡಿದೆ. ಮೇಲೆ ಸಾಲಾಗಿ ಗಾಳಿ ಫ್ಯಾನುಗಳು. ಕೆಳಗೆ ಬರೀ ಎರೆ ಹೊಲ. ಹೊಳೆಯೂ ಇಲ್ಲ, ತೆಂಗೂ ಇಲ್ಲ. "ಆ ಫ್ಯಾನ್ ಯಾಕ ತಗದಿಲ್ಲ?" ಅಂದೆ. "ಅವು ಡ್ರಾಯಿಂಗಿನಾಗ ಬರಂಗಿಲ್ಲ ಮಾಮಾ" ಅಂದಳು.

ಆರರಿಂದ ಎಂಟನೇ ಕ್ಲಾಸಿನ ಮಕ್ಕಳು ಕಲೆ, ಹೊಲಿಗೆ, ಸಂಗೀತ ಅಂತ ಶಾಲೆಯಲ್ಲಿ ನಿಜವಾಗಿ ಏನು ಕಲಿಯುತ್ತಿದ್ದಾರೆ? ಅವತ್ತಿನಿಂದ ಇದೊಂದು ಪ್ರಶ್ನೆ ನನ್ನ ಬೆನ್ನು ಹತ್ತಿದೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಶಾಲೆಗಳಲ್ಲಿ ಕೆಲಸ ಮಾಡುವ ಪರಿಚಯದವರನ್ನೆಲ್ಲ ಕೇಳಿದೆ. ಕೆಲವು ಕ್ಲಾಸುಗಳಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ನೋಡಿದೆ.

ಮೊದಲು ಕಾಗದದ ಮೇಲೆ ಏನಿದೆ ನೋಡೋಣ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಆರರಿಂದ ಎಂಟನೇ ಕ್ಲಾಸಿಗೆ ವರ್ಷಕ್ಕೆ 220 ದಿನ, 1000 ಗಂಟೆ ಪಾಠ ಆಗಬೇಕು. ಅದೇ ಕಾಯ್ದೆಯ ಅನುಸೂಚಿಯಲ್ಲಿ ಇನ್ನೊಂದು ಮಾತಿದೆ. ಈ ಕ್ಲಾಸುಗಳಲ್ಲಿ 100ಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಕಲೆ, ದೈಹಿಕ ಶಿಕ್ಷಣ, ಕಾರ್ಯಾನುಭವ, ಈ ಮೂರಕ್ಕೂ ಅರೆಕಾಲಿಕ ಬೋಧಕರು ಇರಬೇಕು. ಓದಲು ಚೆನ್ನಾಗಿದೆ. ಆದರೆ ನಮ್ಮ ಬಹಳಷ್ಟು ಹಳ್ಳಿ ಶಾಲೆಗಳು ಒಂದರಿಂದ ಏಳರವರೆಗೆ ಮಾತ್ರ. ಅಂದರೆ ಲೆಕ್ಕಕ್ಕೆ ಬರುವುದು ಆರು ಮತ್ತು ಏಳು, ಎರಡೇ ಕ್ಲಾಸು. ಸಣ್ಣ ಊರಲ್ಲಿ ಎರಡು ಕ್ಲಾಸಿಗೆ 100 ಮಕ್ಕಳು ಎಲ್ಲಿಂದ ಬರಬೇಕು? ಆ 100ರ ಗೆರೆಯ ಕೆಳಗೇ ಹಳ್ಳಿ ಮಕ್ಕಳ ಡ್ರಾಯಿಂಗ್ ಮಾಸ್ತರು ಜಾರಿ ಹೋಗುತ್ತಾರೆ.

ಹಾಗಾದರೆ ಪಿರಿಯಡ್ ತೆಗೆದುಕೊಳ್ಳುವವರು ಯಾರು? ಯಾರಿಗೆ ಬಿಡುವಿದೆಯೋ ಅವರು. ಸಮಾಜ ವಿಜ್ಞಾನದ ಅಕ್ಕೋರು, ಇಲ್ಲಾಂದ್ರೆ ಪಿಟಿ ಮಾಸ್ತರು. ಅವರದೇನೂ ತಪ್ಪಿಲ್ಲ. ಅವರಿಗೂ ಯಾರೂ ಕಲಿಸಿಲ್ಲ. ಹಾಗಾಗಿ ಬೋರ್ಡಿನ ಮೇಲೆ ತಮಗೆ ಬರುವ ಒಂದು ಚಿತ್ರ ಬಿಡಿಸುತ್ತಾರೆ, ಮಕ್ಕಳು ನೋಡಿ ಬಿಡಿಸುತ್ತಾರೆ. ಅವರಿಗೆ ಬರುವುದು ಎರಡು ಗುಡ್ಡ, ಒಂದು ಸೂರ್ಯ.

ಅಂಕಪಟ್ಟಿಯಲ್ಲಿ ಕಲೆಗೆ ಜಾಗ ಇದೆ. ಆದರೆ ಅದು ‘ಭಾಗ-ಬಿ’. ಭಾಷೆ, ಗಣಿತ, ವಿಜ್ಞಾನ ಭಾಗ-ಎಯಲ್ಲಿ. ಕಲೆ, ಕಾರ್ಯಾನುಭವ, ದೈಹಿಕ ಶಿಕ್ಷಣ ಎಲ್ಲ ಬಿಯಲ್ಲಿ, ಬರೀ ಗ್ರೇಡು. ಯಾವ ಮಗುವೂ ಚಿತ್ರಕಲೆಯಲ್ಲಿ ಹಿಂದೆ ಬಿದ್ದಿದೆ ಅಂತ ಪಾಲಕರನ್ನು ಕರೆಸಿದ ಉದಾಹರಣೆ ನಾನು ಕೇಳಿಲ್ಲ. ಕರೆಸಬೇಕು ಅಂತಲೂ ನಾನು ಹೇಳುವುದಿಲ್ಲ. ಮಾರ್ಕ್ಸು ಬಂದರೆ ಅದಕ್ಕೂ ಗೈಡು ಬರುತ್ತದೆ, ಟ್ಯೂಷನ್ ಬರುತ್ತದೆ. ಆದರೆ ಲೆಕ್ಕಕ್ಕಿಲ್ಲದ ವಿಷಯ ಅಂದಮೇಲೆ ಅದರ ಸಮಯಕ್ಕೂ ಕಾವಲಿಲ್ಲ. ಗಣಿತದ ಪಾಠ ಉಳಿಯಿತೇ, ಡ್ರಾಯಿಂಗ್ ಪಿರಿಯಡ್ ಕೊಡಿ. ಪ್ರತಿಭಾ ಕಾರಂಜಿಗೆ ತಯಾರಿಯೇ, ಡ್ರಾಯಿಂಗ್ ಪಿರಿಯಡ್ ಕೊಡಿ. ನನ್ನ ಕಾಲದಲ್ಲಿ ಜನವರಿ ಬಂದರೆ ಸಾಕು, ಚಿತ್ರಕಲೆಯ ಹೊತ್ತಿಗೆ ಗಣಿತದ ಸರ್ ಚಾಕ್ ಹಿಡಿದು ಒಳಗೆ ಬರುತ್ತಿದ್ದರು. ಪೆನ್ಸಿಲ್ ಚೂಪು ಮಾಡಿಟ್ಟುಕೊಂಡು ಕಾಯುತ್ತಿದ್ದ ನಾವು ವಹಿ ಬದಲಿಸುತ್ತಿದ್ದೆವು. ಯಾಕೆ ಅಂತ ಒಬ್ಬರೂ ಕೇಳಲಿಲ್ಲ, ಮನೆಯಲ್ಲಿ ಹೇಳಲೂ ಇಲ್ಲ.

ಇನ್ನು ಐಚ್ಛಿಕ ವಿಷಯದ ಮಾತು. ರಾಜ್ಯ ಪಠ್ಯಕ್ರಮದ ಹಿರಿಯ ಪ್ರಾಥಮಿಕದಲ್ಲಿ ಮಗು ತಾನೇ ಆರಿಸಿಕೊಳ್ಳುವಂಥದ್ದು ಏನೂ ಇಲ್ಲ ಅಂದರೂ ನಡೆಯುತ್ತದೆ. ಆರನೇ ಕ್ಲಾಸಿನಿಂದ ತೃತೀಯ ಭಾಷೆ ಶುರುವಾಗುತ್ತದೆ. ಅದರಲ್ಲಿ ಆಯ್ಕೆ ಇದೆ ಅನ್ನುವುದು ಮಾತಿಗೆ. ಶಾಲೆಯಲ್ಲಿ ಹಿಂದಿ ಶಿಕ್ಷಕರಿದ್ದರೆ ಹಿಂದಿಯೇ ಗತಿ. ಒಂಬತ್ತನೇ ಕ್ಲಾಸಿಗೆ ಹೋದಮೇಲೆ ಕೆಲವು ಸರಕಾರಿ ಪ್ರೌಢಶಾಲೆಗಳಲ್ಲಿ ತೃತೀಯ ಭಾಷೆಯ ಬದಲು ಐಟಿ, ಆಟೊಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್ ತರಹದ ವೃತ್ತಿ ವಿಷಯ ತೆಗೆದುಕೊಳ್ಳಬಹುದು. ಆದರೆ ಯಾವುದು ತನಗೆ ಇಷ್ಟ ಅಂತ ಅಷ್ಟರವರೆಗೆ ಒಮ್ಮೆಯೂ ಕೈಯಾಡಿಸಿ ನೋಡದ ಮಗು ಅಲ್ಲಿ ಹೇಗೆ ಆರಿಸಬೇಕು? ಗೆಳೆಯ ತಗೊಂಡದ್ದನ್ನೇ ತಗೊಳ್ಳುತ್ತದೆ.

ಇಲ್ಲೊಂದು ಬಾಗಿಲು ತೆರೆಯಬಹುದು. ಕೇಂದ್ರದ 2020ರ ಶಿಕ್ಷಣ ನೀತಿ ಬೇಡ ಅಂದ ರಾಜ್ಯ ಸರಕಾರ 2023ರಲ್ಲಿ ಸುಖದೇವ್ ಥೋರಟ್ ಅವರ ನೇತೃತ್ವದಲ್ಲಿ ಆಯೋಗ ಮಾಡಿತು. 2025ರ ಆಗಸ್ಟ್‌ನಲ್ಲಿ ವರದಿ ಬಂತು. ಎರಡೇ ಭಾಷೆ ಸಾಕು ಅನ್ನುವುದು ಅದರ ಒಂದು ಶಿಫಾರಸು. ಹಿಂದಿ ಬೇಕೋ ಬೇಡವೋ ಅಂತ ಎಲ್ಲರೂ ಜಗಳಾಡಿದರು. ಒಂದುವೇಳೆ ಮೂರನೇ ಭಾಷೆ ಹೋದರೆ ಖಾಲಿಯಾಗುವ ಪಿರಿಯಡ್‌ಗಳು ಯಾರ ಪಾಲಿಗೆ ಅನ್ನುವ ಚರ್ಚೆ ಮಾತ್ರ ನನ್ನ ಕಿವಿಗೆ ಬಿದ್ದಿಲ್ಲ. ಈಗಲೇ ಕೇಳದಿದ್ದರೆ ಅವೂ ಗಣಿತಕ್ಕೇ ಹೋಗುತ್ತವೆ. ಬರೆದಿಟ್ಟುಕೊಳ್ಳಿ.

ಹುಬ್ಬಳ್ಳಿಯ ಸಿಬಿಎಸ್‌ಇ ಶಾಲೆಗಳ ಕಥೆ ಬೇರೆ. ಅಲ್ಲಿ ಕಾಗದದ ಮೇಲೆ ಜಾಸ್ತಿಯೇ ಇದೆ. ಆರರಿಂದ ಎಂಟರವರೆಗೆ 12-15 ಗಂಟೆಯ ಕೌಶಲ ಮಾಡ್ಯೂಲುಗಳಿವೆ: ಕೋಡಿಂಗ್, ಎಐ, ಕರಕುಶಲ, ಹಣಕಾಸು ತಿಳಿವಳಿಕೆ, ಹೀಗೆ. ಎನ್‌ಸಿಇಆರ್‌ಟಿ 2024ರಲ್ಲಿ ಆರನೇ ಕ್ಲಾಸಿಗೆ ‘ಕೃತಿ’ ಅನ್ನುವ ಕಲಾ ಪುಸ್ತಕ, ‘ಕೌಶಲ ಬೋಧ’ ಅನ್ನುವ ವೃತ್ತಿ ಪುಸ್ತಕ ತಂದಿತು. ಕೃತಿಯಲ್ಲಿ ಚಿತ್ರ, ಸಂಗೀತ, ನೃತ್ಯ, ನಾಟಕ ನಾಲ್ಕೂ ಇವೆ. ಕೌಶಲ ಬೋಧದಲ್ಲಿ ವರ್ಷಕ್ಕೆ ಮೂರು ಪ್ರಾಜೆಕ್ಟು. ಒಂದು ಗಿಡ-ಪ್ರಾಣಿಗಳ ಜೊತೆ, ಒಂದು ಯಂತ್ರ-ಸಾಮಾನುಗಳ ಜೊತೆ, ಒಂದು ಮನುಷ್ಯರ ಸೇವೆ. ಯೋಚನೆ ಒಳ್ಳೆಯದು. ಅದರಲ್ಲಿ ನನಗೇನೂ ತಕರಾರಿಲ್ಲ.

ತಕರಾರು ಇರುವುದು ಅದು ಮನೆಗೆ ಬರುವ ರೀತಿಯಲ್ಲಿ. 2020-21ರಿಂದ ಸಿಬಿಎಸ್‌ಇ ಮಕ್ಕಳು ಜೋಡಿ ರಾಜ್ಯದ, ಅಂದರೆ ಕೇಂದ್ರ ತಮ್ಮ ರಾಜ್ಯಕ್ಕೆ ಜೊತೆ ಮಾಡಿಕೊಟ್ಟ ಇನ್ನೊಂದು ರಾಜ್ಯದ ಕಲೆ ಇಟ್ಟುಕೊಂಡು ಪ್ರಾಜೆಕ್ಟ್ ಮಾಡಬೇಕು. ಕರ್ನಾಟಕಕ್ಕೆ ಜೋಡಿ ಉತ್ತರಾಖಂಡ. ಹಾಗಾಗಿ ಗೆಳೆಯನ ಮಗ ಐಪಣ್ ಬಿಡಿಸುತ್ತಾ ಕೂತಿದ್ದ. ಐಪಣ್ ಅಂದರೆ ಕೆಮ್ಮಣ್ಣು ಸಾರಿಸಿದ ನೆಲದ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ. ಅವನು ಗೂಗಲ್ ನೋಡಿ ಕೆಂಪು ಚಾರ್ಟ್ ಪೇಪರಿನ ಮೇಲೆ ಬಿಳಿ ಸ್ಕೆಚ್ ಪೆನ್ನಿನಿಂದ ಎಳೆಯುತ್ತಿದ್ದ. ಅದೇ ಹೊತ್ತಿಗೆ ಅವನ ಅಜ್ಜಿ ಹಿತ್ತಲಲ್ಲಿ ಹುರಮಂಜು-ಸುಣ್ಣ ಕಲಸಿಕೊಂಡು ತುಳಸಿ ಕಟ್ಟೆಗೆ ಗೆರೆ ಎಳೆಯುತ್ತಿದ್ದರು. ಕೆಂಪಿನ ಮೇಲೆ ಬಿಳಿ! ದೂರದ ಗುಡ್ಡಗಾಡಿನವರೂ ನಮ್ಮಜ್ಜಿಯೂ ಒಂದೇ ಕೆಲಸ ಮಾಡುತ್ತಾರೆ ಅನ್ನುವುದನ್ನು ಕಂಡರೆ ಎಂಥ ಪಾಠ ಆಗುತ್ತಿತ್ತು. ಯಾರೂ ತೋರಿಸಲಿಲ್ಲ. ಚಾರ್ಟಿಗೆ ಗ್ರೇಡು ಸಿಕ್ಕಿತು. ಅರ್ಧ ಬಿಡಿಸಿದ್ದು ಅವರಮ್ಮ, ಆ ಮಾತು ಬೇರೆ.

ಕಲೆಯ ಪಿರಿಯಡ್ ನಿಜಕ್ಕೂ ನಡೆದರೆ ಏನಾಗುತ್ತದೆ ಅನ್ನುವುದನ್ನೂ ನೋಡಿದ್ದೇನೆ. ಧಾರವಾಡದ ಹತ್ತಿರದ ಒಂದು ಸರಕಾರಿ ಶಾಲೆ. ಅಲ್ಲಿ ಪುಣ್ಯಕ್ಕೆ ಹೊಲಿಗೆ ಟೀಚರ್ ಹುದ್ದೆ ಇನ್ನೂ ಉಳಿದಿದೆ. ಇನ್ನೆರಡು ವರ್ಷಕ್ಕೆ ಅವರು ನಿವೃತ್ತರು. ಏಳನೇ ಕ್ಲಾಸಿನ ಹುಡುಗಿಯರಿಗೆ ಕಸೂತಿ ಹೇಳಿಕೊಡುತ್ತಿದ್ದರು.

ಕಸೂತಿಗೆ ಪೆನ್ಸಿಲ್ ಇಲ್ಲ. ಬಟ್ಟೆಯ ಮೇಲೆ ಚಿತ್ರ ಬರೆದುಕೊಂಡು ಅದರ ಮೇಲೆ ಹೊಲಿಯುವಂತಿಲ್ಲ. ಬಟ್ಟೆಯ ಎಳೆ ಎಣಿಸಬೇಕು, ಅಷ್ಟೇ. ಹೊಸಬರಿಗೆ ಎಳೆ ಕಾಣುವಂಥ ಮ್ಯಾಟಿ ಬಟ್ಟೆ ಕೊಡುತ್ತಾರೆ. ದಾರಕ್ಕೆ ಗಂಟು ಹಾಕುವ ಹಾಗಿಲ್ಲ. ಅವತ್ತು ಗವಂತಿ ಅನ್ನುವ ಹೊಲಿಗೆ ನಡೆದಿತ್ತು. ಹೋಗುವಾಗ ಒಂದು ಹೊಲಿಗೆ ಹಾಕಿ ಒಂದು ಬಿಡಬೇಕು. ಬರುವಾಗ ಬಿಟ್ಟಲ್ಲಿ ತುಂಬಬೇಕು. ಸರಿಯಾಗಿ ಮಾಡಿದರೆ ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಕಾಣುತ್ತದೆ, ಯಾವುದು ಮೇಲು ಯಾವುದು ಕೆಳಗು ಗೊತ್ತಾಗುವುದಿಲ್ಲ. ಗವಂತಿ ಹೀಗೆ ನೇರ ಗೆರೆ. ಮೆಟ್ಟಿಲು ಥರ ಹೋಗುವುದು ಮುರ್ಗಿ. ನೇಯ್ದ ಹಾಗೆ ಕಾಣುವುದು ನೇಗಿ. ಅಡ್ಡ-ಉದ್ದ ದಾಟಿಸುವುದು ಮೆಂತೆ.

ಒಬ್ಬ ಹುಡುಗಿ ಗೋಪುರ ಹಾಕುತ್ತಿದ್ದಳು. ಮುಕ್ಕಾಲು ಮುಗಿದಿತ್ತು. ಇದ್ದಕ್ಕಿದ್ದ ಹಾಗೆ ನಿಂತಳು. ಸೂಜಿ ಎತ್ತಿ ಹಿಡಿದು, ತುಟಿ ಅಲ್ಲಾಡಿಸುತ್ತಾ ಎಡಗಡೆ ಎಣಿಸಿದಳು, ಬಲಗಡೆ ಎಣಿಸಿದಳು. "ಅಕ್ಕೋರ, ಒಂದ ಎಳಿ ತಪ್ಪೇತ್ರಿ." ಅಕ್ಕೋರು ಎದ್ದು ಬರಲಿಲ್ಲ. "ಎಲ್ಲಿ ತಪ್ಪೇತಿ ಹುಡುಕು" ಅಂದರು, ಅಷ್ಟೇ. ಹುಡುಗಿ ಹಿಂದಕ್ಕೆ ಹಿಂದಕ್ಕೆ ಹೋದಳು. ಐದನೇ ಮೆಟ್ಟಿಲಲ್ಲಿ ನಾಲ್ಕು ಎಳೆ ಬಿಡುವಲ್ಲಿ ಮೂರು ಬಿಟ್ಟಿದ್ದಳು. ಅಲ್ಲಿಯವರೆಗೆ ಬಿಚ್ಚಿದಳು. ಬೇಜಾರಾಗಿತ್ತು, ಮುಖದಲ್ಲೇ ಕಾಣುತ್ತಿತ್ತು. ಆದರೆ ಅಳಲಿಲ್ಲ. ಯಾರೂ ಬೈಯಲಿಲ್ಲ, ಕೆಂಪು ಪೆನ್ನಿನ ಗೀಟೂ ಬೀಳಲಿಲ್ಲ. ತಪ್ಪು ಹೇಳಿದ್ದು ಬಟ್ಟೆ.

ಗಣಿತದ ಕ್ಲಾಸಿನಲ್ಲಿ ಉತ್ತರ ಸರಿಯೋ ತಪ್ಪೋ ಅಂತ ಮಗು ಮಾಸ್ತರ ಮುಖ ನೋಡುತ್ತದೆ. ಇಲ್ಲಿ ಹಾಗಲ್ಲ. ಸಮ್ಮಿತಿ ಅನ್ನುವ ಪಾಠ ಪುಸ್ತಕದಲ್ಲಿ ಬರುತ್ತದಲ್ಲ, ಅದನ್ನು ಆ ಹುಡುಗಿ ಬೆರಳಲ್ಲಿ ಕಲಿತಳು. ಎಲ್ಲಿ ಕೊಂಬೆ ಒಡೆಯಬೇಕು, ಹೋಗುವಾಗ ಯಾವುದು, ಬರುವಾಗ ಯಾವುದು ಅಂತ ಮೊದಲೇ ಯೋಚಿಸಿಕೊಳ್ಳದೆ ಗವಂತಿಯಲ್ಲಿ ಒಂದು ತೇರೂ ಮುಗಿಯುವುದಿಲ್ಲ. ಕೋಡಿಂಗ್ ಕ್ಲಾಸಿಗೆ ದುಡ್ಡು ಕೊಡುವವರು ಇದನ್ನೊಮ್ಮೆ ನೋಡಬೇಕು. ಇಷ್ಟಾಗಿ ಕಸೂತಿ ಧಾರವಾಡದ ಹೆಸರಿನ ಜೊತೆ ಅಂಟಿಕೊಂಡ ಕಲೆ, ಜಿಐ ಟ್ಯಾಗ್ ಬೇರೆ ಇದೆ. ಊರಿನ ಎಷ್ಟು ಶಾಲೆಗಳಲ್ಲಿ ಒಂದು ಸೂಜಿ ಇದೆ?

ಆ ಕ್ಲಾಸಿನಲ್ಲಿ ಒಂದು ಕೊರತೆಯೂ ಇತ್ತು. ಹುಡುಗರು ಹೊರಗೆ ಕಬಡ್ಡಿ ಆಡುತ್ತಿದ್ದರು. ಒಬ್ಬ ಮಾತ್ರ ಕಿಟಕಿ ಸರಳು ಹಿಡಿದು ಇಡೀ ಹೊತ್ತು ಒಳಗೇ ನೋಡುತ್ತಾ ನಿಂತಿದ್ದ. ಬಾ ಅಂತ ಯಾರೂ ಕರೆಯಲಿಲ್ಲ. ವೃತ್ತಿ ಶಿಕ್ಷಣ ಅಂದಾಗ ನನಗೆ ಹೆದರಿಕೆ ಆಗುವುದು ಇಲ್ಲೇ. ಹುಡುಗಿಯರಿಗೆ ಹೊಲಿಗೆ, ಹುಡುಗರಿಗೆ ರಿಪೇರಿ. ಸರಕಾರಿ ಶಾಲೆಗೆ ಕೈಕೆಲಸ, ಫೀ ಶಾಲೆಗೆ ರೋಬೋ. ಅಪ್ಪನ ಕಸುಬನ್ನೇ ಮಗನಿಗೆ ಶಾಲೆಯಲ್ಲೂ ಹೇಳಿಕೊಟ್ಟರೆ ಶಾಲೆಗೆ ಯಾಕೆ ಕಳಿಸಬೇಕು ಅಂತ ಒಬ್ಬ ನೇಕಾರರು ಬೆಟಗೇರಿಯಲ್ಲಿ ಕೇಳಿದರು. ನ್ಯಾಯವಾದ ಪ್ರಶ್ನೆ. ನನಗನಿಸುವ ಉತ್ತರ ಇಷ್ಟೇ: ನೇಕಾರರ ಮಗನಿಗೆ ತಬಲಾ, ಡಾಕ್ಟರ ಮಗನಿಗೆ ಮಗ್ಗ. ಆರಿಸಿಕೊಳ್ಳುವ ಹಕ್ಕು ಎಲ್ಲರಿಗೂ ಇದ್ದರೆ ಮಾತ್ರ ಅದು ಐಚ್ಛಿಕ.

ಮಣ್ಣಿನ ಮಾತಿಗೆ ಬರೋಣ. ಪ್ರತಿ ವರ್ಷ ಶಾಲೆ ಶುರುವಾದ ಕೆಲವೇ ವಾರಗಳಲ್ಲಿ ಮಣ್ಣೆತ್ತಿನ ಅಮಾವಾಸ್ಯೆ. ಆಷಾಢದ ಮಂಗಳವಾರಗಳಿಗೆ ಮಣ್ಣಿನ ಗುಳ್ಳವ್ವ. ಪಂಚಾಂಗವೇ ನಮ್ಮ ಕಡೆ ಕಲಾ ಪಠ್ಯಕ್ರಮ ಬರೆದಿಟ್ಟಿದೆ. ಎರೆ ಮಣ್ಣಲ್ಲಿ ಎತ್ತು ಮಾಡಿ ನೋಡಿ, ಗೊತ್ತಾಗುತ್ತದೆ. ನೀರು ಜಾಸ್ತಿಯಾದರೆ ಕಾಲು ಕುಸಿಯುತ್ತದೆ. ಕೊಂಬು ತೆಳ್ಳಗಾದರೆ ಮೊದಲು ಅದೇ ಒಣಗಿ ಉದುರುತ್ತದೆ. ಎರೆ ಒಣಗುವಾಗ ಕುಗ್ಗುವ ಮಣ್ಣು, ಬಿರುಕು ಗ್ಯಾರಂಟಿ. ಅದಕ್ಕೆ ಬೂದಿ ಕಲಸಬೇಕು ಅಂತ ಅಜ್ಜ ಹೇಳುತ್ತಿದ್ದ. ವಿಜ್ಞಾನ ಪುಸ್ತಕದ ಮಣ್ಣಿನ ಪಾಠ ಇದೇ ಅಲ್ವಾ? ಈಗ ಎತ್ತು ಪೇಟೆಯಿಂದ ಬರುತ್ತವೆ, ಬಣ್ಣ ಹಚ್ಚಿದವು. ಮಣ್ಣು ಮುಟ್ಟುವುದು ಪ್ರತಿಭಾ ಕಾರಂಜಿಯ ಕ್ಲೇ ಮಾಡೆಲಿಂಗ್ ಸ್ಪರ್ಧೆಗೆ ಹೋಗುವ ಒಂದು ಮಗು ಮಾತ್ರ.

ಪ್ರತಿಭಾ ಕಾರಂಜಿಯನ್ನು ಬೈಯಲು ಮನಸ್ಸಿಲ್ಲ. ಕ್ಲಸ್ಟರಿನಿಂದ ರಾಜ್ಯಮಟ್ಟದವರೆಗೆ ಹಳ್ಳಿ ಮಕ್ಕಳಿಗೆ ವೇದಿಕೆ ಕೊಟ್ಟದ್ದು ಅದೇ. ಆದರೆ ಅದು ಸ್ಪರ್ಧೆ. ಗೆಲ್ಲುವವರನ್ನು ಕಳಿಸುತ್ತಾರೆ. ಐದನೇ ಕ್ಲಾಸಿನಲ್ಲಿ ಚೆನ್ನಾಗಿ ಹಾಡಿದ ಹುಡುಗಿಯೇ ಏಳರವರೆಗೂ ಭಕ್ತಿಗೀತೆ ಹಾಡುತ್ತಾಳೆ. ಉಳಿದ ಮೂವತ್ತು ಮಕ್ಕಳು ಚಪ್ಪಾಳೆ ತಟ್ಟುವುದನ್ನು ಕಲಿಯುತ್ತಾರೆ. ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಎಲ್ಲರಿಗೂ ಪಾಲು ಸಿಗುತ್ತದೆ ನಿಜ. ಆದರೆ ಅಲ್ಲಿ ಸಿನಿಮಾ ಹಾಡಿನ ಸ್ಟೆಪ್ಪು ಬಾಡಿಗೆ ಡ್ಯಾನ್ಸ್ ಮಾಸ್ಟರಿಂದ ಹದಿನೈದು ದಿನಕ್ಕೆ ಬರುತ್ತದೆ, ಹೋಗುತ್ತದೆ.

ಸಂಗೀತದ ವಿಷಯದಲ್ಲಿ ನಮ್ಮದು ವಿಚಿತ್ರ ಪರಿಸ್ಥಿತಿ. ಭೀಮಸೇನ ಜೋಶಿ ಗುರುವನ್ನು ಹುಡುಕಿ ಗದಗಿನ ಮನೆ ಬಿಟ್ಟಾಗ ಅವರಿಗೆ 11 ವರ್ಷ, ಈಗಿನ ಆರನೇ ಕ್ಲಾಸು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ, ಬಡ ಮಕ್ಕಳಿಗೆ ಊಟ ಹಾಕಿ ಸಂಗೀತ ಕಲಿಸಿದರು. ಫೀ ಇಲ್ಲ, ಜಾತಿ ಕೇಳಲಿಲ್ಲ. ಅಂಥ ಊರುಗಳಲ್ಲಿ ಇವತ್ತು ಸಂಗೀತ ಕಲಿಯುವುದು ಸಂಜೆ ಟ್ಯೂಷನ್ನಿಗೆ ದುಡ್ಡು ಕೊಡಬಲ್ಲ ಮನೆಯ ಮಕ್ಕಳು. ಧಾರವಾಡದ ಓಣಿಗಳಲ್ಲಿ ಸಂಜೆ ನಡೆದರೆ ಗಾಂಧರ್ವ ಸಂಗೀತ ಪರೀಕ್ಷೆಗೆ ಭೂಪ್ ರಾಗದ ಆಲಾಪ ಗಟ್ಟಿ ಮಾಡುವ ದನಿ ಕೇಳುತ್ತದೆ. ಶಾಲೆಯಲ್ಲಿ? ಪ್ರಾರ್ಥನೆ, ನಾಡಗೀತೆ, ರಾಷ್ಟ್ರಗೀತೆ. ಹಾರ್ಮೋನಿಯಂ ಇದ್ದರೆ ಕಪಾಟಿನಲ್ಲಿ, ಕಪಾಟಿನ ಕೀಲಿ ಹೆಡ್ ಮಾಸ್ತರ ಹತ್ತಿರ.

ಕಲಿಸುವವರ ಬರ ಇದೆ ಅಂತ ಇಲಾಖೆ ಹೇಳಿದರೆ ನಂಬುವುದು ಕಷ್ಟ. ಧಾರವಾಡದಲ್ಲಿ ಹಾಲಬಾವಿ ಚಿತ್ರಕಲಾ ಶಾಲೆ ಇದೆ, ಗದಗಿನಲ್ಲಿ ಟಿ.ಪಿ. ಅಕ್ಕಿಯವರು ಕಟ್ಟಿದ ವಿಜಯ ಕಲಾ ಮಂದಿರ ಇದೆ. ಅಲ್ಲಿ ಕಲಿತು ಬಂದವರಲ್ಲಿ ಫ್ಲೆಕ್ಸ್ ಡಿಸೈನ್ ಮಾಡಿಕೊಂಡಿರುವವರು ನನಗೇ ಮೂರು ಜನ ಗೊತ್ತು. ಹಾವೇರಿಯಲ್ಲಿ ಏಲಕ್ಕಿ ಮಾಲೆ ಕಟ್ಟುವವರಿದ್ದಾರೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ಹೊಲಿಯುವ ಖಾದಿ ಸಂಘವೇ ಇದೆ. ಧ್ವಜದ ಅಳತೆ 3:2, ಚಕ್ರಕ್ಕೆ 24 ಗೀಟು, ಎರಡೂ ಬದಿಯಲ್ಲಿ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಅನುಪಾತದ ಪಾಠಕ್ಕೆ ಇದಕ್ಕಿಂತ ಬೇರೆ ಲ್ಯಾಬ್ ಬೇಕೇ? ಶಿಗ್ಗಾವಿ ಹತ್ತಿರದ ಗೊಟಗೋಡಿಯಲ್ಲಿ ಕಲಾವಿದ ಸೊಲಬಕ್ಕನವರ ಅವರು ಮಾಡಿದ ರಾಕ್ ಗಾರ್ಡನ್ ಇದೆ, ಪಕ್ಕದಲ್ಲೇ ಜಾನಪದ ವಿಶ್ವವಿದ್ಯಾಲಯ. ಡಿಸೆಂಬರಿನಲ್ಲಿ ಸಾಲು ಸಾಲು ಶಾಲಾ ಬಸ್ಸು ಗೊಟಗೋಡಿಗೆ ಹೋಗುತ್ತವೆ. ಮಕ್ಕಳು ಸಿಮೆಂಟಿನ ಎತ್ತಿನ ಪಕ್ಕ ಫೋಟೋ ತೆಗೆಸಿಕೊಂಡು, ಚಿತ್ರಾನ್ನ ತಿಂದು ಬರುತ್ತಾರೆ. ಸಿಮೆಂಟಿಗೆ ಒಳಗೆ ಏನು ಕಟ್ಟಿ ನಿಲ್ಲಿಸಿದರು, ಚರ್ಮದ ಸುಕ್ಕು ಹೇಗೆ ಬಂತು ಅಂತ ಕೇಳಲು ಹೊತ್ತಿಲ್ಲ, ಬಸ್ಸು ಹಾರ್ನ್ ಹೊಡೆಯುತ್ತಿರುತ್ತದೆ.

ಅಡ್ಡ ಬರುವುದು ನಿಯಮ. ಏಲಕ್ಕಿ ಮಾಲೆ ಕಟ್ಟುವವರ ಹತ್ತಿರ ಡಿಪ್ಲೊಮಾ ಇಲ್ಲ. ವಾರಕ್ಕೆ ಎರಡು ದಿನ ಬಂದು ಹೋಗುವವರಿಗೆ ಸಂಭಾವನೆ ಕೊಡಲು ಶಾಲೆಯ ಖಾತೆಯಲ್ಲಿ ಖರ್ಚಿನ ಬಾಬ್ತೇ ಇಲ್ಲ ಅಂತ ಒಬ್ಬ ಮುಖ್ಯ ಶಿಕ್ಷಕರು ಕೈ ಚೆಲ್ಲಿದರು. ಆದರೂ ಒಂದು ಸಣ್ಣ ಕಿಂಡಿ ಇದೆ. ತಿಂಗಳ ಮೂರನೇ ಶನಿವಾರ ಬ್ಯಾಗ್ ಇಲ್ಲದ ‘ಸಂಭ್ರಮ ಶನಿವಾರ’. ಅವತ್ತು ಪಾಠ ಮಾಡುವಂತಿಲ್ಲ, ಹಾಗಾಗಿ ಗಣಿತದ ಸರ್‌ಗೂ ಕಸಿಯಲು ಏನೂ ಇಲ್ಲ. ಆ ಶನಿವಾರಗಳನ್ನು ಒಬ್ಬರೇ ಕುಶಲಕರ್ಮಿಗೆ ಕೊಟ್ಟು, ವರ್ಷವಿಡೀ ಒಂದೇ ಕೆಲಸ ಹಿಡಿದು ಮುಗಿಸಿದರೆ ಕಲಿಕೆ ಆಗುತ್ತದೆ. ಈ ತಿಂಗಳು ಒರಿಗಾಮಿ, ಮುಂದಿನ ತಿಂಗಳು ಹೂಕುಂಡ ಅಂತ ಹಾರಿದರೆ ಫೋಟೋ ಆಗುತ್ತದೆ.

ತಂಗಿ ಮಗಳ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ. ಹೋದ ಸಭೆಯಲ್ಲಿ ಅವಳು ಏಳನೇ ಕ್ಲಾಸಿನ ವೇಳಾಪಟ್ಟಿ ತೋರಿಸಿ ಅಂದಳಂತೆ. ಶುಕ್ರವಾರದ ಕೊನೆಯ ಪಿರಿಯಡ್ಡಿಗೆ ಪೆನ್ನಿನಲ್ಲಿ ‘ಚಿತ್ರಕಲೆ’ ಅಂತ ಇತ್ತು. ಕೆಳಗೆ ಪೆನ್ಸಿಲಿನಲ್ಲಿ ‘ಗಣಿತ’. "ಇದ್ಯಾಕ್ರಿ?" ಅಂದಳು. ಹೆಡ್ ಮಾಸ್ತರು ನಕ್ಕರಂತೆ. "ಇಷ್ಟ ವರ್ಷದಾಗ ಇದನ್ನ ಯಾರೂ ಕೇಳಿದ್ದಿಲ್ರಿ ಅಕ್ಕಾರ" ಅಂದು ರಬ್ಬರ್ ತರಿಸಿ ಉಜ್ಜಿದರಂತೆ. ಈಗ ಎರಡು ವಾರದಿಂದ ಶುಕ್ರವಾರ ಮಕ್ಕಳು ಹೊರಗೆ ಬೇವಿನ ಮರದ ಕೆಳಗೆ ಕೂತು ಕಂಡದ್ದನ್ನು ಬಿಡಿಸುತ್ತಿದ್ದಾರೆ. ಫ್ಯಾನಿನ ಮೂರು ರೆಕ್ಕೆ ಸಮ ಬರುತ್ತಿಲ್ಲ ಅಂತ ತಂಗಿಯ ಮಗಳು ಕೋನಮಾಪಕ ಹುಡುಕುತ್ತಿದ್ದಳು. ಪರೀಕ್ಷೆ ಇನ್ನೂ ದೂರ ಇದೆ. ಫೆಬ್ರುವರಿವರೆಗೆ ಆ ಪಿರಿಯಡ್ ಉಳಿಯುತ್ತದಾ ನೋಡಬೇಕು.